ಐಸಮ್ಮನ ಚೀಟಿ ಬೇಗ ಬರುತ್ತಿದ್ದ ಮಳೆಗಾಲ

ಮೊನ್ನೆ ರಜೆಯಲ್ಲಿ ಶ್ರಾವ್ಯ ಮೂಡುಬಿದಿರೆಯ ಹಾಸ್ಟೆಲಿನಿಂದ ಬಂದಾಗ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏನೋ ಪ್ರಾಜೆಕ್ಟ್ ಮಾಡುತ್ತಿದ್ದಳು. ಪಕ್ಕದಲ್ಲಿ ಸರ್ಕ್ಯೂಟಿನ ಒಂದು ಸಣ್ಣ ಹಸಿರು ಹಲಗೆ, ಅದರಿಂದ ಕಂಪ್ಯೂಟರಿಗೆ ಒಂದು ವಯರು. ನಾನು ಕಾಯಿ ತುರಿಯುತ್ತಾ ನೋಡುತ್ತಿದ್ದೆ. ಪರದೆ ಇದ್ದಕ್ಕಿದ್ದಂತೆ ಮಬ್ಬಾಯಿತು. ನಡುವೆ ಒಂದು ಉಂಗುರ ತಿರುಗತೊಡಗಿತು. ಅವಳು ತಾಳ್ಮೆಗೆಟ್ಟು ಎಂಟರ್ ಬಟನನ್ನು ಟಕಟಕನೆ ಒತ್ತಿದಳು.

"ಒತ್ತಬೇಡ! ಕೈ ತೆಗಿ!"

ಕಿರುಚಿದ್ದು ನಾನೇ. ಈ ಮನೆಯಲ್ಲಿ ನನ್ನ ದನಿ ಅಡುಗೆಕೋಣೆಯಿಂದ ಚಾವಡಿಗೆ ಕೇಳಿಸಿದ್ದು ಕಡಿಮೆ. ಶ್ರಾವ್ಯ ಬೆಚ್ಚಿ ಬೆರಳೆತ್ತಿದಳು, ಆಮೇಲೆ ನಕ್ಕಳು. "ಹ್ಯಾಂಗ್ ಆದದ್ದು ಅಷ್ಟೆ ಅಜ್ಜಿ. ನೀವ್ಯಾಕೆ ಹೆದರ್ತೀರಿ?"

"ಹ್ಯಾಂಗ್ ಆದಾಗ ಒತ್ತಿದ್ದನ್ನೆಲ್ಲ ಅದು ನೆನಪಿಟ್ಟುಕೊಳ್ತದೆ" ಎಂದೆ.

ಅವಳ ನಗು ನಿಂತಿತು. ಹಳ್ಳಿಶಾಲೆಯಲ್ಲಿ ಏಳನೇ ಕ್ಲಾಸು ಕಲಿತ ಅಜ್ಜಿಗೆ ಇದನ್ನು ಹೇಳಿದವರು ಯಾರು ಎಂದು ಎರಡು ಸಲ ಕೇಳಿದಳು. ಎರಡು ಸಲವೂ ನಾನು ತೆಂಗಿನಕಾಯಿಯ ಕಡೆ ನೋಡಿದೆ. ಎದುರಿಗೆ ಕುಳಿತವರಿಗೆ ಉದ್ದದ ಮಾತು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಶ್ರಾವ್ಯ, ನಿನಗೂ ನಿನ್ನ ತಮ್ಮ ನಿಖಿಲನಿಗೂ. ಒಂದು ಮಳೆಗಾಲವಿಡೀ ನಾನು ಊರನ್ನು ಅನುಮಾನಿಸಿದ, ಊರು ನನ್ನನ್ನು ಅನುಮಾನಿಸಿದ ಸಂಗತಿ ಇದು. ನನ್ನ ಬಗ್ಗೆ ಬೇರೆಯವರ ಬಾಯಿಂದ ಅರ್ಧಂಬರ್ಧ ಕೇಳುವುದಕ್ಕಿಂತ ನನ್ನ ಅಕ್ಷರದಲ್ಲೇ ಓದಿ.

ಶಿರ್ತಾಡಿಗೂ ಬೆಳುವಾಯಿಗೂ ನಡುವೆ ಒಳಗಿರುವ ನಮ್ಮೂರಿನ ಹಾಲಿನ ಸೊಸೈಟಿಯಲ್ಲಿ ನಾನು ಹಾಲು ಪರೀಕ್ಷೆ ಮಾಡುವ ಕೆಲಸಕ್ಕಿದ್ದೆ ಎಂಬುದು ನಿಮಗೆ ಗೊತ್ತುಂಟು. ನಿಮ್ಮಜ್ಜ ತೀರಿಹೋದ ಮೇಲೆ ಸಿಕ್ಕಿದ ಕೆಲಸ. ಮೊದಲು ಗಾಜಿನ ಕೊಳವೆಗೆ ಆಸಿಡ್ ಹಾಕಿ, ಹಾಲು ಹಾಕಿ, ಯಂತ್ರದಲ್ಲಿ ತಿರುಗಿಸಿ ಕೊಬ್ಬು ಎಷ್ಟು ಎಂದು ಅಳೆಯುತ್ತಿದ್ದೆವು. ಆ ಕೊಬ್ಬಿಗೆ ಎಲ್ಲರೂ ಹೇಳುವುದು ಫ್ಯಾಟ್ ಎಂದೇ. ಫ್ಯಾಟ್ ಹೆಚ್ಚಿದ್ದರೆ ಹಾಲಿಗೆ ಬೆಲೆ ಹೆಚ್ಚು. ಆ ಕೆಲಸ ಮಾಡುವಾಗ ನಾನು ಜನರಿಗೆ ಬೆನ್ನು ಹಾಕಿ ಕುಳಿತಿರುತ್ತಿದ್ದೆ. ಅದು ನನಗೆ ಹಿತವಾಗಿತ್ತು.

ಶ್ರಾವ್ಯ ಒಂದನೇ ಕ್ಲಾಸಿಗೆ ಸೇರಿದ ವರ್ಷ ಸೊಸೈಟಿಗೆ ಕಂಪ್ಯೂಟರು ಬಂತು. ಅದರ ಜೊತೆಗೆ ಎಲೆಕ್ಟ್ರಾನಿಕ್ ತಕ್ಕಡಿ, ಹಾಲು ಪರೀಕ್ಷೆಯ ಯಂತ್ರ, ಚೀಟಿ ಹೊಡೆಯುವ ಪ್ರಿಂಟರ್. ಪರೀಕ್ಷೆಯ ಯಂತ್ರದಿಂದ ಕಂಪ್ಯೂಟರಿಗೆ ಒಂಬತ್ತು ಸೂಜಿಯ ಮೂತಿ ಇರುವ ಒಂದು ಕೇಬಲ್. ಈಗ ನಾನು ಜನರಿಗೆ ಮುಖಮಾಡಿ ಕೂರಬೇಕಾಯಿತು. ನನ್ನ ಪರದೆಯಲ್ಲಿ ಕಾಣುವುದೇ ಅವರ ಕಡೆಗೆ ತಿರುಗಿಸಿಟ್ಟ ಇನ್ನೊಂದು ಪರದೆಯಲ್ಲೂ ಕಾಣುತ್ತಿತ್ತು. ಯಾರಿಗೂ ಸಂಶಯ ಇರಬಾರದು ಎಂದು ಹಾಗೆ ಮಾಡಿದ್ದಂತೆ. ಊರಿನಲ್ಲಿ ಸಂಶಯ ಶುರುವಾದದ್ದು ಆ ಪರದೆಯಿಂದಲೇ.

ಕೆಲಸದ ಕ್ರಮ ಹೀಗೆ. ಸದಸ್ಯರ ನಂಬರು ಹೊಡೆದು ಎಂಟರ್ ಒತ್ತಬೇಕು. ಅವರು ಹಾಲನ್ನು ತಕ್ಕಡಿಯ ಪಾತ್ರೆಗೆ ಸುರಿಯುತ್ತಾರೆ, ತೂಕ ಬರುತ್ತದೆ, ಮತ್ತೆ ಎಂಟರ್. ಒಂದು ಸಣ್ಣ ಲೋಟ ಹಾಲನ್ನು ಪರೀಕ್ಷೆಯ ಯಂತ್ರದ ಪೈಪಿಗೆ ಹಿಡಿದರೆ ಅದು ಹೀರಿಕೊಂಡು ಗುಂಯ್ ಎನ್ನುತ್ತದೆ. ಸುಮಾರು ಒಂದು ನಿಮಿಷದ ಮೇಲೆ ಫ್ಯಾಟ್ ಪರದೆಗೆ ಬರುತ್ತದೆ. ಮತ್ತೆ ಎಂಟರ್, ಚೀಟಿ.

ಆ ಒಂದು ನಿಮಿಷ ಕಂಪ್ಯೂಟರು ಸತ್ತ ಹಾಗೆ ನಿಲ್ಲುತ್ತಿತ್ತು. ಪರದೆ ಮಬ್ಬು. ಏನು ಒತ್ತಿದರೂ ಅಲುಗುವುದಿಲ್ಲ. ಹಿಂದಿನವರ ಹೆಸರು, ಹಿಂದಿನವರ ಫ್ಯಾಟ್ ಅಲ್ಲೇ ಅಂಟಿಕೊಂಡಿರುತ್ತಿತ್ತು. ಮಳೆಗಾಲದಲ್ಲಿ ಕೇಬಲಿನ ಬಾಯಿಗೆ ತೇವ ಹಿಡಿದರೆ ನಿಮಿಷ ಎರಡು ನಿಮಿಷವಾಗುತ್ತಿತ್ತು. ಸಾಲಿನಲ್ಲಿ ನಿಂತವರು ಪರದೆ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. "ಸ್ವಲ್ಪ ನಿಲ್ಲಿ, ಯಂತ್ರ ನೋಡ್ತಾ ಉಂಟು" ಎನ್ನುವ ಒಂದು ಮಾತು ನನ್ನ ಗಂಟಲಿನಿಂದ ಹೊರಡುತ್ತಿರಲಿಲ್ಲ. ಅದರ ಬದಲು ನಾನು ಬೆರಳು ಆಡಿಸುತ್ತಿದ್ದೆ. ಮುಂದಿನವರ ನಂಬರು ಹೊಡೆಯುವುದು, ಎಂಟರ್ ಒತ್ತುವುದು, ಇನ್ನೊಮ್ಮೆ ಒತ್ತುವುದು. ಬೆರಳು ಆಡುತ್ತಿದ್ದರೆ ಜಲಜಕ್ಕ ಕೆಲಸ ಮಾಡುತ್ತಿದ್ದಾಳೆ ಎಂದು ಜನ ತಿಳಿಯುತ್ತಾರಲ್ಲ, ಅಷ್ಟೇ ನನ್ನ ಆಸೆ. ಬೇಗ ಬಂದವರ ಸರದಿಯಲ್ಲಿ ಇದು ಕಡಿಮೆ. ಹಾಲಿನ ವ್ಯಾನ್ ತಿರುವಿನಲ್ಲಿ ಹಾರ್ನ್ ಹಾಕಿದ ಮೇಲೆ ಉಳಿದವರ ಸರದಿಯಲ್ಲಿ ನನ್ನ ಬೆರಳಿಗೆ ಬಿಡುವೇ ಇರುತ್ತಿರಲಿಲ್ಲ.

ಕೊನೆಗೆ ಉಳಿಯುವವರು ದಿನವೂ ಇಬ್ಬರೇ. ಮೊದಲು ಶೇಷಪ್ಪಣ್ಣ, ಅವರ ಹಿಂದೆ ಐಸಮ್ಮ. ಮಳೆನೀರು ಹರಿಯುವ ತೋಡಿನ ಆಚೆಗೆ ಇದ್ದದ್ದು ಅವೆರಡೇ ಮನೆ, ಎರಡಕ್ಕೂ ದಾರಿ ಒಂದೇ. ಶೇಷಪ್ಪಣ್ಣ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಅವರಲ್ಲಿ ಒಂದು ಜರ್ಸಿ ದನ, ದಪ್ಪ ಹಾಲು. ಐಸಮ್ಮನಲ್ಲಿ ಕಪ್ಪುಬಿಳಿ ಬಣ್ಣದ ಎರಡು ಎಚ್ಚೆಫ್ ದನ. ಅವು ಹಾಲು ಕೊಡುವುದು ಜಾಸ್ತಿ, ಆದರೆ ಹಾಲು ತೆಳು. ಅವಳ ಗಂಡ ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದ. ಐಸಮ್ಮನ ಬಾಯಿ ಜೋರು. ನನಗೆ ಅವಳ ಮೇಲೆ ಪ್ರೀತಿಯಿತ್ತು, ಏಕೆಂದರೆ ನಾನು ಆಡದ ಮಾತನ್ನೆಲ್ಲ ಅವಳು ಆಡುತ್ತಿದ್ದಳು. ನಮ್ಮ ಮನೆಯ ಹಲಸಿನ ಹಣ್ಣು ಅವಳಲ್ಲಿಗೆ, ಅವಳ ಹಬ್ಬದ ತಿಂಡಿ ನಮ್ಮಲ್ಲಿಗೆ ಹೋಗಿ ಬರುತ್ತಿತ್ತು.

ಮಾತು ಮೊದಲು ಎತ್ತಿದವರು ಶೇಷಪ್ಪಣ್ಣ. ಜೀವಮಾನವಿಡೀ ಟಿಕೆಟ್ ಹರಿದವರಿಗೆ ಚೀಟಿಯ ಮೇಲೆ ಕಣ್ಣು.

"ಎಂತ ಜಲಜಕ್ಕಾ, ನನ್ನ ಚೀಟಿಗೆ ಎರಡು ನಿಮಿಷ ಕಾಯಬೇಕು. ಐಸಮ್ಮನ ಚೀಟಿ ನನ್ನದರ ಬಾಲ ಹಿಡ್ಕೊಂಡೇ ಬರ್ತದೆ. ಲೋಟ ಪೈಪಿಗೆ ತಾಗಿರುವುದಿಲ್ಲ, ಚೀಟಿ ರೆಡಿ! ಮೊದಲೇ ಹೊಡೆದಿಡ್ತೀರಾ? ಬಸ್ಸಿನಲ್ಲಿ ಹೀಗೆ ಟಿಕೆಟ್ ಕೊಟ್ಟಿದ್ರೆ ನಾನು ಅವತ್ತೇ ಸಸ್ಪೆಂಡ್."

"ನಿಮ್ಮ ದನ ಬಸ್ಸಿನ ಹಾಗೆ ಸ್ಟಾಪ್ ಸ್ಟಾಪಿಗೆ ನಿಂತು ಹಾಲು ಕೊಡ್ತದೆ ಶೇಷಪ್ಪಣ್ಣಾ, ಅದಕ್ಕೆ ಲೇಟು" ಎಂದಳು ಐಸಮ್ಮ. "ನನ್ನದು ಎಕ್ಸ್‌ಪ್ರೆಸ್."

ಎಲ್ಲರೂ ನಕ್ಕರು. ಆದರೆ ಶೇಷಪ್ಪಣ್ಣ ಅವಳ ಕೈಯಲ್ಲಿದ್ದ ಚೀಟಿ ಇಣುಕಿ ನೋಡಿದರು. ತನ್ನದೂ ನಾಲ್ಕು ಪಾಯಿಂಟ್ ಆರು, ಅವಳದೂ ನಾಲ್ಕು ಪಾಯಿಂಟ್ ಆರು. "ಎಚ್ಚೆಫ್ ದನಕ್ಕೆ ನಾಲ್ಕು ಆರು? ಎಂತ ತಿನ್ನಿಸ್ತಾಳೆ ಮಾರಾಯ್ರೆ, ತುಪ್ಪವಾ?" ಎಂದರು. ಈ ಮಾತಿಗೆ ನಕ್ಕವರು ಕಡಿಮೆ.

ಆಟಿ ತಿಂಗಳು, ಅಂದರೆ ಆಷಾಢ, ಬರುವಷ್ಟರಲ್ಲಿ ಜಗಲಿಯ ಮಾತಿಗೆ ಅದೇ ವಿಷಯ. ನಾನು ಬಂದರೆ ಮಾತು ನಿಲ್ಲುತ್ತಿತ್ತು. ಹಲಸಿನ ಹಣ್ಣಿನ ಲೆಕ್ಕವೂ ಯಾರದೋ ಬಾಯಲ್ಲಿ ಬಂತು. ಯಾರು ಯಾವ ಜಾತಿ, ಯಾವ ಮತ ಎನ್ನುವ ಮಾತೂ ಅದರಲ್ಲಿ ಸೇರಿತು. ಅದನ್ನು ನಾನು ನಿಮಗಾಗಿ ಇಲ್ಲಿ ಬರೆದಿಡುವುದಿಲ್ಲ.

ನಾನಾದರೂ ಏನು ಮಾಡಿದೆ? ನಾನೂ ಅನುಮಾನಿಸಿದೆ. ಚೀಟಿ ಅಷ್ಟು ಬೇಗ ಏಕೆ ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ವ್ಯಾನಿನವನು ಹಾರ್ನ್ ಹಾಕುವಾಗ ಒಬ್ಬರದ್ದಾದರೂ ಬೇಗ ಮುಗಿಯಿತಲ್ಲ ಎಂದು ಮೊದಮೊದಲು ಖುಷಿಪಟ್ಟಿದ್ದೆ. ಈಗ ಆ ಖುಷಿಯೇ ಚುಚ್ಚತೊಡಗಿತು. ಐಸಮ್ಮ ತನ್ನ ಕ್ಯಾನನ್ನು ಶೇಷಪ್ಪಣ್ಣನ ಕ್ಯಾನಿಗೆ ಅಷ್ಟು ಒತ್ತಿ ಏಕೆ ಇಡುತ್ತಾಳೆ? ಅವರು ಜಗಲಿಯ ಆ ಬದಿಗೆ ಎಲೆಯಡಿಕೆ ಉಗುಳಲು ಹೋದಾಗ ಇವಳು ಲೋಟ ಅದ್ದುತ್ತಾಳೋ? ಅವಳ ಶಾಲಿನ ಮಡಿಕೆಯೊಳಗೆ ಕಣ್ಣಿಟ್ಟೆ. ಅವಳು ಲೋಟ ಕೊಡುವಾಗ ಅವಳ ಮುಖ ಬಿಟ್ಟು ಬೆರಳು ನೋಡಿದೆ. ಅವಳು ಒಂದು ದಿನ "ಎಂತ ಜಲಜಕ್ಕಾ, ನನ್ನ ಬಳೆ ಹೊಸತಲ್ಲ" ಎಂದಾಗ ನನ್ನ ಕಿವಿ ಬಿಸಿಯಾಯಿತು. ಅಲ್ಲಿಗೂ ನಿಲ್ಲಲಿಲ್ಲ. ಕಾರ್ಯದರ್ಶಿ ವಸಂತಣ್ಣ ಮಧ್ಯಾಹ್ನ ಒಬ್ಬರೇ ಕಂಪ್ಯೂಟರ್ ಮುಂದೆ ಕೂರುವುದೇಕೆ? ಬಂಟ್ವಾಳದ ಅಂಗಡಿಯವರು ಮಾರಿದ ಈ ಪ್ರೋಗ್ರಾಮನ್ನು ಅಲ್ಲಿಂದಲೇ ಯಾರಾದರೂ ತಿರುಚುತ್ತಾರೋ? ಎಲ್ಲರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿ ನೋಡಿದೆ. ನನ್ನ ಬೆರಳುಗಳ ಕಡೆಗೆ ಮಾತ್ರ ನನ್ನ ಲಕ್ಷ್ಯ ಹೋಗಲಿಲ್ಲ.

ಒಂದು ಬೆಳಿಗ್ಗೆ ಹೇಳದೆ ಕೇಳದೆ ಹಾಲು ಒಕ್ಕೂಟದ ವಿಸ್ತರಣಾಧಿಕಾರಿಗಳು ಜೀಪಿನಲ್ಲಿ ಬಂದಿಳಿದರು. ಯಾರೋ ಹೆಸರಿಲ್ಲದ ದೂರು ಬರೆದಿದ್ದರಂತೆ. ಐಸಮ್ಮನ ಸರದಿ ಮುಗಿಯುವವರೆಗೆ ಬಾಗಿಲಲ್ಲೇ ನಿಂತಿದ್ದು, ಅವಳ ಹಾಲಿನಿಂದಲೇ ಮಾದರಿ ತೆಗೆದು, ಹಳೆಯ ಗಾಜಿನ ಕೊಳವೆಯಲ್ಲಿ ಪರೀಕ್ಷೆ ಮಾಡಿಸಿದರು. ಆಸಿಡ್ ಹಾಕಿದ್ದು ನಾನೇ. ಕೊಳವೆಯಲ್ಲಿ ಬಂದದ್ದು ಮೂರು ಪಾಯಿಂಟ್ ನಾಲ್ಕು. ಚೀಟಿಯಲ್ಲಿ ನಾಲ್ಕು ಪಾಯಿಂಟ್ ಆರು.

"ಇದು ಹೇಗಮ್ಮಾ?" ಎಂದು ಅವರು ಐಸಮ್ಮನನ್ನು ಕೇಳಿದರು.

"ನನಗೆ ಹೇಗೆ ಗೊತ್ತಾಗ್ತದೆ ಸಾರ್? ನಾನು ಹಾಲು ಕರೆಯುವವಳು. ನಂಬರು ಕರೆಯುವುದು ನಿಮ್ಮ ಯಂತ್ರ."

ಅವರಿಗೆ ಆ ಉತ್ತರ ಹಿಡಿಸಲಿಲ್ಲ. ಸಾಲಿನಲ್ಲಿ ಬೇರೆಯವರ ಹಾಲು ಲೋಟಕ್ಕೆ ಬೆರೆಸಿಕೊಳ್ಳುತ್ತಾಳೆ ಎಂಬ ಸಂಶಯ ಬರೆದುಹೋದರು. ತೀರ್ಮಾನವಾಗುವವರೆಗೆ ಅವಳ ಹಾಲು ತೆಗೆದುಕೊಳ್ಳುವುದು ಬೇಡ, ವಿಶೇಷ ಸಭೆ ಕರೆಯಿರಿ ಎಂದು ಆಡಳಿತ ಮಂಡಳಿಗೆ ಹೇಳಿದರು. ಜೀಪು ಹೋದ ಮೇಲೆ ವಸಂತಣ್ಣ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ನೀವು ಬಾಯಿ ಬಿಡುವುದು ಬೇಡ ಜಲಜಕ್ಕ. ಬಿಟ್ರೆ ನೀವೂ ಸೇರಿ ಮಾಡಿದ್ದು ಅಂತಾರೆ. ಸುಮ್ಮನಿದ್ರೆ ನಿಮ್ಮ ಕೆಲಸ ಉಳೀತದೆ."

ಸುಮ್ಮನಿರುವುದು ನನಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಹಾಲು ನಿಲ್ಲಿಸಿದ ಮೂರನೇ ದಿನ ಹರೀಶ ಎಂಬವರು ಬೈಕಿನಲ್ಲಿ ಬಂದರು. ಬೆಳ್ತಂಗಡಿಯ ಕಡೆಯವರು, ಮೂವತ್ತೈದರ ಆಸುಪಾಸು. ಬಂಟ್ವಾಳದ ಅಂಗಡಿಗೆ ಆ ಪ್ರೋಗ್ರಾಮ್ ಬರೆದುಕೊಟ್ಟವರು ಅವರೇ. ವಸಂತಣ್ಣ ಫೋನ್ ಮಾಡಿ ಕರೆಸಿದ್ದರು. ಮಳೆಕೋಟು ಕಳಚಿ ನನ್ನ ಹಿಂದೆ ಒಂದು ಸ್ಟೂಲ್ ಹಾಕಿಕೊಂಡು ವ್ಯಾನ್ ಹೋಗುವವರೆಗೆ ನೋಡುತ್ತಾ ಕುಳಿತರು. ಇವನು ಏನು ಬಚ್ಚಿಡಲು ಬಂದಿದ್ದಾನೆ ಎಂದು ನಾನು ಬೆನ್ನಿನಿಂದಲೇ ಅವರನ್ನು ಕಾಯುತ್ತಿದ್ದೆ.

ಎಲ್ಲರೂ ಹೋದ ಮೇಲೆ ಅವರು ಕೇಳಿದರು. "ಅಕ್ಕಾ, ಪರದೆ ನಿಂತಾಗ ನೀವು ಎಂತ ಮಾಡ್ತೀರಿ?"

"ಕಾಯ್ತೇನೆ" ಎಂದೆ.

ಅವರು ಕೀಬೋರ್ಡನ್ನು ನನ್ನ ಕಡೆಗೆ ಸ್ವಲ್ಪ ಓರೆ ಮಾಡಿದರು. ಬೇರೆ ಬಟನುಗಳ ಮೇಲೆ ಅಕ್ಷರ ಚೆನ್ನಾಗಿಯೇ ಇತ್ತು. ಎಂಟರ್ ಬಟನಿನ ಬರಹ ಪೂರ್ತಿ ಸವೆದು, ಅದು ಉಗುರಿನ ಹಾಗೆ ಹೊಳೆಯುತ್ತಿತ್ತು. ಅವರು ಬಯ್ಯಲಿಲ್ಲ. ಪಕ್ಕದಲ್ಲೇ ಕುಳಿತು ನಿಧಾನವಾಗಿ ಹೇಳಿದರು.

"ಮನೆಯಲ್ಲಿ ಒಬ್ಬಳೇ ಹೆಂಗಸು ಇದ್ದಾಳೆ ಅಂತ ಇಟ್ಕೊಳ್ಳಿ. ಅವಳು ಬಾವಿಯಿಂದ ನೀರು ಸೇದ್ತಾ ಇದ್ದಾಳೆ. ಆಗ ಬಾಗಿಲಿಗೆ ಯಾರೋ ಬಂದು ಬಡಿದ್ರೆ ಅವಳು ಓಗೊಡುವುದಿಲ್ಲ. ಕೊಡ ತುಂಬದೆ ಬರುವ ಹಾಗಿಲ್ಲ. ಆದ್ರೆ ಎಷ್ಟು ಸಲ ಬಡಿದ್ರು ಅಂತ ಲೆಕ್ಕ ಇಡ್ತಾಳೆ. ನೀರು ತಂದಿಟ್ಟವಳೇ ಅಷ್ಟು ಸಲ ಬಾಗಿಲು ತೆಗೀತಾಳೆ. ನಿಮ್ಮ ಕಂಪ್ಯೂಟರು ಈಗ ಹಾಗೆ ಮಾಡ್ತಾ ಉಂಟು. ಪರೀಕ್ಷೆಯ ಯಂತ್ರದ ಉತ್ತರಕ್ಕೆ ಕಾಯುವುದೂ ಅದೇ, ನೀವು ಒತ್ತಿದ್ದನ್ನು ಕೇಳುವುದೂ ಅದೇ. ನಾನು ಒಬ್ಬಳಿಗೇ ಎರಡು ಕೆಲಸ ಕೊಟ್ಟೆ."

ನಾನು ಕೀಬೋರ್ಡಿನ ಮೇಲಿಂದ ಕೈ ತೆಗೆದೆ.

"ಶೇಷಪ್ಪಣ್ಣನ ಹಾಲು ಯಂತ್ರದಲ್ಲಿರುವಾಗ ನೀವು ಐಸಮ್ಮನ ನಂಬರು ಹೊಡೆದು ನಾಲ್ಕು ಸಲ ಎಂಟರ್ ಒತ್ತಿರ್ತೀರಿ. ಕಂಪ್ಯೂಟರಿಗೆ ಎಚ್ಚರ ಆದ ಕೂಡಲೇ ಮೊದಲ ಎಂಟರಿಗೆ ಶೇಷಪ್ಪಣ್ಣನ ಚೀಟಿ. ಆಮೇಲೆ ಐಸಮ್ಮನ ನಂಬರು, ಒಂದು ಎಂಟರಿಗೆ ತಕ್ಕಡಿಗೆ ಆಗಲೇ ಸುರಿದ ಅವಳ ಹಾಲಿನ ತೂಕ. ಇನ್ನೊಂದು ಎಂಟರಿಗೆ ಫ್ಯಾಟ್ ಬೇಕು ಅಂತ ಯಂತ್ರವನ್ನು ಕೇಳ್ತದೆ. ಹೊಸ ಲೋಟ ಇನ್ನೂ ಪೈಪಿಗೆ ಬರಲೇ ಇಲ್ಲ. ಯಂತ್ರದ ಬಾಯಲ್ಲಿ ಇರುವುದು ಹಳೆಯ ಉತ್ತರ. ಅದನ್ನೇ ಕೊಡ್ತದೆ, ಕೊನೆಯ ಎಂಟರಿಗೆ ಚೀಟಿ."

ಹಾಗಾಗಿ ಐಸಮ್ಮನ ಚೀಟಿ ಬೇಗ ಬರುತ್ತಿತ್ತು. ಅವಳ ಹೆಸರಿನಲ್ಲಿ ಬರುತ್ತಿದ್ದದ್ದು ಶೇಷಪ್ಪಣ್ಣನ ದನದ ಫ್ಯಾಟ್. ಅವಳ ಹಾಲು ಆಮೇಲೆ ಪೈಪಿಗೆ ಹೋಗಿ ಯಂತ್ರ ಗುಂಯ್ ಎನ್ನುವಾಗ ಆ ಉತ್ತರವನ್ನು ಕೇಳುವವರೇ ಇರಲಿಲ್ಲ.

"ತಪ್ಪು ಹೆಚ್ಚು ನನ್ನದೇ ಅಕ್ಕ" ಎಂದರು ಹರೀಶ. "ಪರದೆ ನಿಲ್ಲಲೇಬಾರದಿತ್ತು. ಆದ್ರೆ ಈಗ ಹೊರಗೆ ಗೊತ್ತಾದ್ರೆ ಇದನ್ನು ಹಾಕಿಸಿಕೊಂಡ ಬೇರೆ ಸೊಸೈಟಿಯವರೆಲ್ಲ ನನ್ನನ್ನು ಹಿಡೀತಾರೆ. ಸ್ವಲ್ಪ ದಿನ ಕೊಡಿ. ಬೇರೆ ಬರೆದು ತಂದು ಹಾಕ್ತೇನೆ. ಯಾರಿಗೂ ಗೊತ್ತಾಗುವುದಿಲ್ಲ."

"ಐಸಮ್ಮ?" ಎಂದೆ.

ಅವರು ಮಳೆಕೋಟಿನ ಗುಂಡಿ ಹಾಕತೊಡಗಿದರು. "ಅದು ನಿಮ್ಮ ಸೊಸೈಟಿಯ ವಿಷಯ ಅಲ್ವಾ" ಎಂದು ಹೇಳಿ ಹೋದರು.

ಮಕ್ಕಳೇ, ಇದರ ಮುಂದಿನದನ್ನು ಬರೆಯಲು ನಾನು ಎರಡು ದಿನ ತೆಗೆದುಕೊಂಡೆ. ಗೊತ್ತಾದ ಮೇಲೂ ನಾನು ಹನ್ನೊಂದು ದಿನ ಸುಮ್ಮನಿದ್ದೆ. ಬೆರಳು ಮಾತ್ರ ಕಟ್ಟಿಹಾಕಿದೆ, ಪರದೆ ನಿಂತಾಗ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ನನಗೆ ಇದ್ದದ್ದು ಅದೊಂದು ಕುರ್ಚಿ. ಅಲ್ಲಿ ಕುಳಿತು ನಾನು ಒಂದು ನಂಬರು ಹೇಳಿದರೆ ದೊಡ್ಡ ಗಂಡಸರೂ ಕಿವಿಗೊಟ್ಟು ಕೇಳುತ್ತಿದ್ದರು. ಬೇರೆಲ್ಲೂ ನನಗೆ ಅಂಥದ್ದು ಸಿಕ್ಕಿರಲಿಲ್ಲ. ಅದು ಹೋಗುತ್ತದೆ ಎಂದು ಹೆದರಿದೆ. ಹರೀಶನೇ ಹೇಳಬಹುದು, ಹೇಗೂ ಸಭೆಯಲ್ಲಿ ಐಸಮ್ಮನನ್ನು ಬಿಟ್ಟುಬಿಡಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಒಮ್ಮೊಮ್ಮೆ, ಅವಳೂ ಏನಾದರೂ ಸ್ವಲ್ಪ ಮಾಡಿರಬಹುದಲ್ಲ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಐಸಮ್ಮ ಆ ದಿನಗಳಲ್ಲಿ ಮೂಡುಬಿದಿರೆಯ ಒಂದು ಹೋಟೆಲಿಗೆ ಹಾಲು ಕೊಂಡುಹೋಗುತ್ತಿದ್ದಳು. ಎರಡು ಕ್ಯಾನ್ ಹಿಡಿದು ಸೊಸೈಟಿಯ ಎದುರೇ ಬಸ್ಸಿಗೆ ಕಾಯಬೇಕಿತ್ತು. ನಮ್ಮ ಜಗಲಿಯಲ್ಲಿ ನಿಂತವರು ಮಳೆ ನೋಡುತ್ತಿದ್ದೇವೆ ಎಂಬಂತೆ ಅವಳನ್ನು ನೋಡುತ್ತಿದ್ದರು. ಒಂದು ದಿನ ಬಸ್ಸು ತಡವಾಯಿತು. ಅವಳು ರಸ್ತೆ ದಾಟಿ ನನ್ನ ಕಿಟಕಿಗೆ ಬಂದಳು.

"ಜಲಜಕ್ಕಾ, ನನ್ನ ಹಾಲು ದಿನಾ ಪೈಪಿಗೆ ಹಿಡಿದವರು ನೀವು. ನಾನು ಎಂತಾದರೂ ಮಾಡಿದ್ದು ನೀವು ಕಂಡಿದ್ದೀರಾ?"

"ಇಲ್ಲ ಐಸಮ್ಮ."

"ಹಾಗಾದ್ರೆ ಅಷ್ಟನ್ನು ಸಭೆಯಲ್ಲಿ ಹೇಳ್ತೀರಾ? ಜಾಸ್ತಿ ಬೇಡ. ಕಂಡಿಲ್ಲ ಅಂತ ಒಂದು ಮಾತು."

"ನೋಡುವ" ಎಂದೆ.

ಅವಳು ಕ್ಯಾನ್ ಎತ್ತಿಕೊಂಡು ಹೋದಳು. ಬಾಯಿ ಜೋರಿನ ಹೆಂಗಸು ಸುಮ್ಮನೆ ಹೋದದ್ದು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಸಭೆ ಭಾನುವಾರ ಹತ್ತು ಗಂಟೆಗೆ. ಹೊಸ ಪ್ರೋಗ್ರಾಮ್ ಹಾಕಲು ಹರೀಶ ಬರುವುದು ಸೋಮವಾರ. ಇದನ್ನು ಶನಿವಾರ ಸಂಜೆ ಹಾಲಿನ ಹೊತ್ತಿಗೆ ವಸಂತಣ್ಣ ಹೇಳಿದಾಗ ನನಗೊಂದು ಸಂಗತಿ ಹೊಳೆಯಿತು. ಹೊಸದು ಬಂದ ಮೇಲೆ ಹಳೆಯ ತಪ್ಪನ್ನು ತೋರಿಸಲು ಸಾಧ್ಯವೇ ಇಲ್ಲ. ಆಮೇಲೆ ನಾನು ಎಷ್ಟು ಹೇಳಿದರೂ ಅದು ಬರಿಯ ಬಾಯಿಮಾತು, ಅದೂ ನನ್ನ ಬಾಯಿಯ ಮಾತು. ಐಸಮ್ಮ ಕಳ್ಳಿಯಾಗಿಯೇ ಉಳಿಯುತ್ತಾಳೆ.

ಭಾನುವಾರ ಜಗಲಿ ತುಂಬಿತ್ತು. ಮಳೆಗೆ ಕೊಡೆಗಳು ಬಾಗಿಲವರೆಗೆ ಸಾಲಾಗಿ ನಿಂತಿದ್ದವು. ಸೊಸೈಟಿಯ ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಮಂಡಳಿಯ ತೀರ್ಮಾನ ಓದಿದರು. ಐಸಮ್ಮ ತಪ್ಪು ಒಪ್ಪಿ ಬರೆದುಕೊಟ್ಟರೆ ಆರು ತಿಂಗಳು ಹಾಲು ನಿಲ್ಲಿಸುವುದು, ಬರೆದುಕೊಡದಿದ್ದರೆ ಸದಸ್ಯತ್ವವೇ ರದ್ದು.

"ಮಾಡದ್ದನ್ನು ನಾನು ಬರೆಯುವುದಿಲ್ಲ" ಎಂದಳು ಐಸಮ್ಮ. "ನೀವು ಬೇಕಾದ್ರೆ ರದ್ದು ಮಾಡಿ. ಆದ್ರೆ ಹೇಗೆ ಮಾಡಿದೆ ಅಂತ ಒಬ್ಬರಾದರೂ ಹೇಳಿ, ನಾನೂ ಕಲ್ತುಕೊಳ್ತೇನೆ."

ನಾನು ಎದ್ದು ನಿಂತೆ. "ಅದು ನನ್ನಿಂದ ಆದದ್ದು" ಎಂದೆ. ದನಿ ಎಷ್ಟು ಸಣ್ಣದಿತ್ತೆಂದರೆ ಹಿಂದಿನವರು "ಎಂತ? ಎಂತ ಹೇಳಿದ್ದು?" ಎಂದು ಕೇಳಿದರು. ಮುಂದಿನವರು ಹಿಂದಿನವರಿಗೆ ಹೇಳಿದರು. ಗುಜುಗುಜು ಎದ್ದಿತು.

"ಇದನ್ನು ಇವರಿಗೆ ಹೇಳಿಕೊಟ್ಟವರು ಯಾರು?" ಎಂದು ಶೇಷಪ್ಪಣ್ಣ ಎದ್ದರು. "ಸ್ನೇಹಿತೆಯನ್ನು ಉಳಿಸಲಿಕ್ಕೆ ತಪ್ಪು ತಲೆ ಮೇಲೆ ಹಾಕ್ಕೊಳ್ಳುವುದಾ?"

ಒಪ್ಪಿಕೊಂಡರೂ ನಂಬುವುದಿಲ್ಲ ಎಂದು ನಾನು ಎಣಿಸಿರಲಿಲ್ಲ. ಇನ್ನು ಮಾತಾಡಿ ಪ್ರಯೋಜನವಿರಲಿಲ್ಲ. ಒಳಗೆ ಹೋಗಿ ಕಂಪ್ಯೂಟರು, ಯಂತ್ರ ಹಾಕಿದೆ. ಆ ದಿನ ಬೆಳಿಗ್ಗೆ ತೆಗೆದಿಟ್ಟಿದ್ದ ಶೇಷಪ್ಪಣ್ಣನ ಹಾಲಿನ ಮಾದರಿ ಬಾಟಲಿಯಲ್ಲಿತ್ತು. ಒಂದು ಲೋಟಕ್ಕೆ ಅದನ್ನು ಸುರಿದೆ. ಇನ್ನೊಂದು ಲೋಟವನ್ನು ಎಲ್ಲರೂ ನೋಡುವಂತೆ ಹೊರಗಿನ ನಲ್ಲಿಗೆ ಹಿಡಿದು ನೀರು ತುಂಬಿಸಿದೆ. ತಕ್ಕಡಿಯ ಪಾತ್ರೆಗೂ ಒಂದು ಬಕೆಟ್ ನೀರು ಸುರಿದೆ. ಜನ ಕಿಟಕಿಗೆ ಮುಗಿಬಿದ್ದರು.

ಶೇಷಪ್ಪಣ್ಣನ ನಂಬರು ಹೊಡೆದು ಅವರ ಹಾಲನ್ನು ಪೈಪಿಗೆ ಹಿಡಿದೆ. ಯಂತ್ರ ಗುಂಯ್ ಎಂದಿತು. ಪರದೆ ಮಬ್ಬಾಯಿತು. "ಈಗ ನಾನು ದಿನಾ ಮಾಡುವ ಹಾಗೆ ಮಾಡ್ತೇನೆ" ಎಂದು ಐಸಮ್ಮನ ನಂಬರು ಹೊಡೆದೆ. ಎಂಟರ್ ಒತ್ತಿದೆ. ಮತ್ತೆ ಒತ್ತಿದೆ, ಮತ್ತೆ, ಇನ್ನೊಮ್ಮೆ. ಆಮೇಲೆ ಬಲಗೈ ಬೆನ್ನಿನ ಹಿಂದೆ ಇಟ್ಟುಕೊಂಡೆ. ಎಡಗೈಯಲ್ಲಿ ನೀರಿನ ಲೋಟ ಹಿಡಿದು ನಿಂತೆ.

ಪ್ರಿಂಟರ್ ಕರಕರ ಎಂದು ಶೇಷಪ್ಪಣ್ಣನ ಚೀಟಿ ಕೊಟ್ಟಿತು. ನಾಲ್ಕು ಪಾಯಿಂಟ್ ಆರು. ಅದನ್ನು ಹರಿಯುವಷ್ಟರಲ್ಲಿ ಇನ್ನೊಂದು ಚೀಟಿ. ಐಸಮ್ಮನ ಹೆಸರು. ನಾಲ್ಕು ಪಾಯಿಂಟ್ ಆರು. ನೀರಿನ ಲೋಟ ಇನ್ನೂ ನನ್ನ ಕೈಯಲ್ಲಿತ್ತು.

ಶೇಷಪ್ಪಣ್ಣ ಕಿಟಕಿಯಿಂದ ಕೈಹಾಕಿ ಲೋಟ ತೆಗೆದುಕೊಂಡರು. ಮೂಸಿದರು. ಒಂದು ಗುಟುಕು ಕುಡಿದರು. "ನೀರೇ ಮಾರಾಯ್ರೆ" ಎಂದರು. "ನಲ್ಲಿ ನೀರಿಗೆ ನನ್ನ ದನದ ಫ್ಯಾಟು!"

ಕೆಲವರು ನಕ್ಕರು. ಅಧ್ಯಕ್ಷರು ನಗಲಿಲ್ಲ. "ಇದು ನಿಮಗೆ ಯಾವಾಗ ಗೊತ್ತಾದದ್ದು?" ಎಂದು ಕೇಳಿದರು.

ಇಂದೇ ಎನ್ನಬಹುದಿತ್ತು. ನಾನು ಐಸಮ್ಮನ ಕಡೆ ನೋಡಿದೆ. "ಹನ್ನೊಂದು ದಿನ ಆಯಿತು" ಎಂದೆ.

ಯಂತ್ರದ ಆಟ ನೋಡುವಾಗ ಅರಳಿದ್ದ ಅವಳ ಮುಖ ಆ ಮಾತಿಗೆ ನಿಧಾನವಾಗಿ ಮುಚ್ಚಿಕೊಂಡಿತು. ಬಸ್ಸಿಗೆ ಕಾದ ಅಷ್ಟೂ ಬೆಳಗುಗಳನ್ನು ಅವಳು ಎಣಿಸುತ್ತಿದ್ದಾಳೆ ಎಂದು ನನಗೆ ತಿಳಿಯಿತು.

ಅವಳ ಸದಸ್ಯತ್ವ ಉಳಿಯಿತು. ತಪ್ಪು ಅವಳದಲ್ಲ ಎಂದು ಪುಸ್ತಕದಲ್ಲಿ ಬರೆದರು. ನನಗೆ ಎಚ್ಚರಿಕೆ ಕೊಟ್ಟು ಕೆಲಸದಲ್ಲಿ ಇಟ್ಟುಕೊಂಡರು, ಬೇರೆ ಯಾರಿಗೂ ಆ ಯಂತ್ರ ನಡೆಸಲು ತಿಳಿಯದಿದ್ದ ಕಾರಣವೂ ಇರಬಹುದು. ಹರೀಶ ಸೋಮವಾರ ಬಂದಾಗ "ಹೇಳಿಬಿಟ್ರಲ್ಲ ಅಕ್ಕಾ" ಎಂದರು, ಸಿಟ್ಟೋ ಸಮಾಧಾನವೋ ತಿಳಿಯಲಿಲ್ಲ. ಅವರು ತಂದ ಹೊಸ ಪ್ರೋಗ್ರಾಮಿನಲ್ಲಿ ಪರದೆ ಮಬ್ಬಾಗಲೇ ಇಲ್ಲ. "ಈಗ ಬಾವಿಗೆ ಒಬ್ಬಳು, ಬಾಗಿಲಿಗೆ ಇನ್ನೊಬ್ಬಳು" ಎಂದು ತೋರಿಸಿದರು. ಯಂತ್ರ ಹಾಲು ನೋಡುತ್ತಿರುವಾಗ ಪರದೆಯಲ್ಲಿ "ಪರೀಕ್ಷೆ ನಡೆಯುತ್ತಿದೆ" ಎಂದು ದೊಡ್ಡದಾಗಿ ಬರುತ್ತಿತ್ತು, ಪಕ್ಕದಲ್ಲಿ ಸೆಕೆಂಡು ಓಡುತ್ತಿತ್ತು. ಕೇಬಲ್ ಸಡಿಲವಾದರೆ ಕೂಡಲೇ ಹೇಳುತ್ತಿತ್ತು. ಬೇಕಾದರೆ ನಿಲ್ಲಿಸಲು ಒಂದು ಬಟನು. ಆ ಹೊತ್ತಿನಲ್ಲಿ ಎಂಟರ್ ಒತ್ತಿದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಹೊಸ ಲೋಟದ ಉತ್ತರ ಬಾರದೆ ಹೊಸ ಚೀಟಿ ಇಲ್ಲ. ನನ್ನ ಗಂಟಲು ಹೇಳಲಾರದ್ದನ್ನು ಆ ಪರದೆ ಜನರಿಗೆ ಹೇಳುತ್ತಿತ್ತು. ಆದರೂ ಅನುಮಾನ ಒಂದೇ ದಿನದಲ್ಲಿ ಹೋಗಲಿಲ್ಲ. ತಿಂಗಳುಗಟ್ಟಲೆ ಜನ ಹಳೆಯ ಚೀಟಿ ಹಿಡಿದು ಬಂದು "ಇದು ನನ್ನ ಹಾಲಿನದ್ದೇ ಹೌದಾ?" ಎಂದು ಕೇಳುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಐಸಮ್ಮ ಬಂದಳು. ಶೇಷಪ್ಪಣ್ಣ ತಾವಾಗಿ ಸರಿದು "ನೀನು ಮೊದಲು ಹೋಗು" ಎಂದರು. ಅವಳು ಒಪ್ಪಲಿಲ್ಲ, ಎಂದಿನ ಜಾಗದಲ್ಲೇ ನಿಂತಳು. ಅವಳ ಸರದಿ ಬಂದಾಗ ಹಾಲು ಸುರಿದು, ಕಿಟಕಿಯ ಮುಂದೆ ನಿಲ್ಲುವ ಬದಲು ಪಕ್ಕದ ಬಾಗಿಲಿನಿಂದ ಒಳಗೆ ಬಂದಳು. ನನ್ನ ಕುರ್ಚಿಯ ಹತ್ತಿರ, ನನ್ನ ಭುಜಕ್ಕೆ ಅವಳ ಶಾಲು ತಾಗುವಷ್ಟು ಹತ್ತಿರ ನಿಂತು, ನನ್ನ ಬೆರಳುಗಳ ಮೇಲೆ ಕಣ್ಣಿಟ್ಟಳು. ವಸಂತಣ್ಣ ಏನೋ ಹೇಳಲು ಬಾಯಿ ತೆರೆದರು. ಬೇಡ ಎಂದು ನಾನು ತಲೆಯಾಡಿಸಿದೆ. ಸೆಕೆಂಡುಗಳು ಓಡಿದವು. ನಾನು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕಾದೆ.

"ಮೂರು ಪಾಯಿಂಟ್ ಐದು, ಐಸಮ್ಮ" ಎಂದೆ.

"ನನಗೂ ಕಾಣ್ತದೆ" ಎಂದಳು.